ಯಂತ್ರದ ಕಣ್ಣೂ ನಮ್ಮವರ ಮೆದುಳೂ

ಮನುಷ್ಯನ ಮೆದುಳಿನ ಜೀವಕೋಶಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಅವುಗಳ ಚಿತ್ರವನ್ನು ಯಂತ್ರವೇ ತೆಗೆದು, ಯಂತ್ರವೇ ಎಣಿಸಿ, ಇದು ಇಂಥ ಕೋಶ, ಇದು ಕೆಟ್ಟಿದೆ, ಇದು ನೆಟ್ಟಗಿದೆ ಎಂದು ಯಂತ್ರವೇ ವಿಂಗಡಿಸತಕ್ಕ ವಿದ್ಯೆಯು ಈಚಿನ ಹತ್ತು ಹದಿನೈದು ವರ್ಷಗಳಲ್ಲಿ ಬಹಳವಾಗಿ ಬೆಳೆದಿದೆ. ಈ ಸಂಗತಿಯನ್ನು ಕೇಳಿದವರಲ್ಲಿ ಎರಡು ಪಂಗಡದವರುಂಟು. ಇನ್ನು ಮರೆವಿನ ರೋಗಕ್ಕೂ ಚಿತ್ತಭ್ರಮೆಗೂ ಮದ್ದು ಕೈಗೆ ಬಂದಂತೆಯೇ ಎಂದು ಹಿಗ್ಗುವವರು ಒಂದು ಪಂಗಡ. ಯಂತ್ರ ಬಂದಮೇಲೆ ವೈದ್ಯರಿಗೇನು ಕೆಲಸ, ಇದೆಲ್ಲ ಸಿರಿವಂತ ದೇಶಗಳ ಆಟ ಎಂದು ಮೂಗು ಮುರಿಯುವವರು ಇನ್ನೊಂದು ಪಂಗಡ. ನಮ್ಮ ಅಭಿಪ್ರಾಯದಲ್ಲಿ ಇಬ್ಬರೂ ಆತುರಪಟ್ಟಿದ್ದಾರೆ. ಈ ವಿದ್ಯೆಯು ನಮ್ಮ ನಾಡಿನ ಬಾಗಿಲಿಗೆ ಬಂದಿದೆ. ಬಾಗಿಲಿಗೇನು, ಒಳಗೇ ಬಂದು ಕುಳಿತಿದೆ. ಅದಕ್ಕೆ ನೋಡಲು ನಾವು ಏನನ್ನು ಕೊಡುತ್ತೇವೆ, ನೋಡುವುದನ್ನು ಯಾರಿಂದ ಕಲಿಸುತ್ತೇವೆ ಎಂಬ ಎರಡು ಪ್ರಶ್ನೆಗಳ ಮೇಲೆಯೇ ಅದರ ಪ್ರಯೋಜನವೆಲ್ಲ ನಿಂತಿದೆ. ಈ ಮಾತನ್ನು ಮೈಸೂರಿನ ಮಹಾಜನರ ಮುಂದೆಯೂ ಅಧಿಕಾರಿವರ್ಗದವರ ಮುಂದೆಯೂ ಸ್ವಲ್ಪ ವಿಸ್ತಾರವಾಗಿ ಇಡಬೇಕೆಂದು ಉದ್ದೇಶಿಸಿದ್ದೇವೆ.

ಮೊದಲು ಕೆಲಸದ ಸ್ವರೂಪವನ್ನು ತಿಳಿಯೋಣ. ಮೆದುಳು ಹಸಿಯಾಗಿರುವಾಗ ಬೆಣ್ಣೆಯಂತೆ ಮೆತ್ತಗಿರತಕ್ಕ ವಸ್ತು. ಅದನ್ನು ಔಷಧದ್ರವದಲ್ಲಿ ನೆನೆಯಿಟ್ಟು ಗಟ್ಟಿಮಾಡಿಯೋ, ಅತಿ ಶೈತ್ಯದಲ್ಲಿ ಹೆಪ್ಪುಗಟ್ಟಿಸಿಯೋ, ಕೂದಲೆಳೆಗಿಂತಲೂ ತೆಳುವಾದ ಹಾಳೆಗಳನ್ನಾಗಿ ಕೊಯ್ದು, ಗಾಜಿನ ಪಟ್ಟಿಯ ಮೇಲೆ ಹರಡಿ, ಬಣ್ಣ ಕಟ್ಟಿ, ಅನಂತರ ನೋಡಬೇಕು. ಹಿಂದೆ ಪಂಡಿತನು ಒಂದೊಂದೇ ಗಾಜನ್ನು ಇಟ್ಟುಕೊಂಡು, ಬೆರಳಿನಿಂದ ತಿರುಪನ್ನು ತಿರುಗಿಸುತ್ತಾ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಯುತ್ತಾ, ಕಂಡುದನ್ನು ಕೈಯಿಂದ ಬರೆದಿಡುತ್ತಿದ್ದನು. ಹೊತ್ತು ಏರಿದಂತೆ ಕಣ್ಣು ಸೋಲುತ್ತಿತ್ತು. ಬೆಳಗ್ಗೆ ಎಣಿಸಿದ ಲೆಕ್ಕವೂ ಸಂಜೆ ಎಣಿಸಿದ ಲೆಕ್ಕವೂ ತಾಳೆಯಾಗದೆ ಹೋಗುವುದುಂಟು. ಈಗಿನ ಯಂತ್ರದಲ್ಲಿ ಗಾಜನ್ನು ಹೊತ್ತ ಪೀಠವು ತಾನಾಗಿ ಸರಿಯುತ್ತದೆ. ಮಸೂರವು ತನ್ನ ದೃಷ್ಟಿಯನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಒಂದು ಗಾಜಿಗೆ ಸಾವಿರಾರು ಸಣ್ಣ ಚಿತ್ರಗಳನ್ನು ತೆಗೆದು, ನೆಲಕ್ಕೆ ಬಿಲ್ಲೆ ಹಾಸಿದಂತೆ ಅಂಚಿಗೆ ಅಂಚನ್ನು ಕೂಡಿಸಿ, ಒಂದೇ ದೊಡ್ಡ ಚಿತ್ರವನ್ನಾಗಿ ಮಾಡುತ್ತದೆ. ಮನುಷ್ಯನು ಮಲಗಿದ ಮೇಲೂ ಅದರ ದುಡಿಮೆ ನಿಲ್ಲುವುದಿಲ್ಲ. ಆ ಚಿತ್ರವು ಕಂಪ್ಯೂಟರಿಗೆ ಹೋದಮೇಲೆ ಪ್ರತಿಯೊಂದು ಚುಕ್ಕೆಯೂ ಯಾವ ಕೋಶಕ್ಕೆ ಸೇರಿದ್ದು, ಈ ಕೋಶದ ಎಲ್ಲೆ ಎಲ್ಲಿ ಮುಗಿಯಿತು, ಪಕ್ಕದ್ದರ ಎಲ್ಲೆ ಎಲ್ಲಿ ಮೊದಲಾಯಿತು ಎಂದು ಗುರುತು ಹಾಕುವ ಕೆಲಸ. ಜಮೀನಿನ ಸರ್ವೆಯನ್ನು ಬಲ್ಲ ನಮ್ಮ ರೆವಿನ್ಯೂ ಇಲಾಖೆಯ ಓದುಗರಿಗೆ ಇದು ಸುಲಭವಾಗಿ ಅರ್ಥವಾದೀತು: ಮೊದಲು ಅಳತೆ, ಆಮೇಲೆ ಹದ್ದುಬಸ್ತು, ಆಮೇಲೆ ಪಹಣಿ. ವ್ಯಾಜ್ಯಗಳೆಲ್ಲ ಹದ್ದುಬಸ್ತಿನಲ್ಲಿಯೇ ಹುಟ್ಟುವುವೆಂಬುದನ್ನೂ ಅವರು ಬಲ್ಲರು.

ಮೆದುಳಿನ ವಿಷಯದಲ್ಲಿಯೂ ಮೊಟ್ಟಮೊದಲನೆಯ ದೊಡ್ಡ ವ್ಯಾಜ್ಯವು ಎಲ್ಲೆಯದೇ. ಇಟಲಿ ದೇಶದ ಕಾಮಿಲ್ಲೊ ಗಾಲ್ಜಿಯು ೧೮೭೩ರಲ್ಲಿ ಬೆಳ್ಳಿಯ ಲವಣದಿಂದ ನರಕೋಶಗಳಿಗೆ ಕಪ್ಪು ಬಣ್ಣ ಕಟ್ಟುವ ಉಪಾಯವನ್ನು ಪ್ರಕಟಿಸಿದನು. ಈ ಬಣ್ಣದ ವಿಶೇಷವೇನೆಂದರೆ, ಅದು ನೂರರಲ್ಲಿ ಕೆಲವೇ ಕೋಶಗಳಿಗೆ ಹತ್ತುತ್ತದೆ; ಹತ್ತಿದವುಗಳಿಗಾದರೋ ಬೇರು ಕೊಂಬೆಗಳ ಸಹಿತವಾಗಿ ಹತ್ತುತ್ತದೆ. ಎಲ್ಲಕ್ಕೂ ಹತ್ತಿದ್ದರೆ ಕಾಡೆಲ್ಲ ಕಪ್ಪಾಗಿ ಒಂದು ಮರವೂ ಕಾಣುತ್ತಿರಲಿಲ್ಲ. ಇದೇ ಬಣ್ಣವನ್ನು ಹಿಡಿದು ಸ್ಪೇನ್ ದೇಶದ ರಮೋನ್ ಈ ಕಹಾಲನು ಸಾವಿರಾರು ಚಿತ್ರಗಳನ್ನು ಕೈಯಿಂದ ಬರೆದನು. ೧೯೦೬ರಲ್ಲಿ ನೊಬೆಲ್ ಬಹುಮಾನವು ಇಬ್ಬರಿಗೂ ಸೇರಿಯೇ ಬಂದಿತು. ಆದರೆ ಮೆದುಳೆಲ್ಲ ಒಂದಕ್ಕೊಂದು ಬೆಸೆದ ಒಂದೇ ಬಲೆಯೆಂದು ಗಾಲ್ಜಿಯ ವಾದ. ಪ್ರತಿಯೊಂದು ಕೋಶವೂ ಬೇರೆ ಬೇರೆ, ಅವು ಒಂದರ ಸಮೀಪಕ್ಕೊಂದು ಬಂದು ನಿಲ್ಲುತ್ತವೆಯಷ್ಟೆ ಎಂದು ಕಹಾಲನ ವಾದ. ಬಹುಮಾನದ ವೇದಿಕೆಯಲ್ಲಿಯೂ ಗಾಲ್ಜಿಯು ತನ್ನ ಹಟವನ್ನು ಬಿಡಲಿಲ್ಲ. ಕಹಾಲನು ಹೇಳಿದ್ದೇ ಸರಿಯೆಂಬುದು ನಿಸ್ಸಂಶಯವಾಗಿ ಕಣ್ಣಿಗೆ ಕಂಡದ್ದು ೧೯೫೦ರ ದಶಕದಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ. ಒಂದೇ ಬಣ್ಣ, ಒಂದೇ ಬಗೆಯ ಗಾಜು, ಇಬ್ಬರೂ ಮಹಾಪಂಡಿತರು. ಓದಿದ್ದು ಮಾತ್ರ ಬೇರೆ ಬೇರೆ. ಚಿತ್ರವಿದ್ದ ಮಾತ್ರಕ್ಕೆ ಸತ್ಯವು ತಾನಾಗಿ ಹೊರಬೀಳುವುದೆಂದು ನಂಬುವವರು ಈ ಕಥೆಯನ್ನು ನೆನಪಿನಲ್ಲಿಡಬೇಕು.

ಹಾಗೆಂದು ಯಂತ್ರವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಕಣ್ಣಿನ ಅಂದಾಜನ್ನೂ ಬಾಯಿಮಾತನ್ನೂ ನಂಬಿದುದರ ಫಲವೇನೆಂಬುದಕ್ಕೆ ಒಂದು ನಿದರ್ಶನವನ್ನು ಕೊಡುತ್ತೇವೆ. ಮನುಷ್ಯನ ಮೆದುಳಿನಲ್ಲಿ ಹತ್ತು ಸಾವಿರ ಕೋಟಿ ನರಕೋಶಗಳಿವೆಯೆಂದೂ, ಅವುಗಳಿಗೆ ಆಸರೆಯಾದ ಬೇರೊಂದು ಜಾತಿಯ ಕೋಶಗಳು ಅದರ ಹತ್ತರಷ್ಟಿವೆಯೆಂದೂ ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತಾ ಬಂದವು. ಒಂದು ಪುಸ್ತಕವನ್ನು ನೋಡಿ ಇನ್ನೊಂದು ಬರೆಯಿತು. ಎಣಿಸಿದವರು ಯಾರು ಎಂದು ಕೇಳಿದರೆ ಉತ್ತರವಿರಲಿಲ್ಲ. ೨೦೦೯ರಲ್ಲಿ ಬ್ರೆಜಿಲ್ ದೇಶದ ಸುಜಾನಾ ಹರ್ಕ್ಯುಲಾನೊ-ಹೌಜೆಲ್ ಎಂಬ ವಿದುಷಿಯೂ ಆಕೆಯ ಸಂಗಡಿಗರೂ ನಾಲ್ಕು ಮೆದುಳುಗಳನ್ನು ಅರೆದು ಒಂದೇ ಹದದ ದ್ರವವನ್ನಾಗಿ ಮಾಡಿ, ಕೋಶಗಳ ಬೀಜಗಳಿಗೆ ಬಣ್ಣ ಕಟ್ಟಿ ಎಣಿಸಿದರು. ಸುಮಾರು ೮,೬೦೦ ಕೋಟಿ ನರಕೋಶಗಳು. ಇನ್ನೊಂದು ಜಾತಿಯವು ಹತ್ತರಷ್ಟಲ್ಲ, ಹೆಚ್ಚು ಕಡಮೆ ಅಷ್ಟೇ. ಅದರಲ್ಲಿಯೂ ೬,೯೦೦ ಕೋಟಿಯಷ್ಟು ತಲೆಯ ಹಿಂಬದಿಯ ಕಿರುಮೆದುಳಿನಲ್ಲಿಯೇ ಇವೆ. ನಮ್ಮ ಯೋಚನೆ ಮಾತುಗಳಿಗೆ ಮುಖ್ಯ ನೆಲೆಯೆನ್ನುವ ಹೊರಪೊರೆಗೆ ದಕ್ಕಿದ್ದು ೧,೬೦೦ ಕೋಟಿ. ಎಣಿಸಿದರೆ ತಿಳಿಯುವ ವಿಷಯದಲ್ಲಿ ತಲೆಮಾರುಗಟ್ಟಲೆ ವಿದ್ವಾಂಸರೂ ಕೂಡ ಕುರಿಮಂದೆಯಂತೆ ನಡೆದರಲ್ಲಾ! ಇಂಥಲ್ಲಿ ಆಯಾಸವಿಲ್ಲದ, ದಾಕ್ಷಿಣ್ಯವಿಲ್ಲದ ಗುಮಾಸ್ತನೊಬ್ಬನು ಬೇಕು. ಯಂತ್ರವು ಆ ಗುಮಾಸ್ತನು.

ಅವನ ಕೈಯ ಚಳಕವೂ ಅಲ್ಪವಾದದ್ದಲ್ಲ. ಒಂದು ಸಣ್ಣ ದುಂಡುಹುಳುವಿನ ದೇಹದಲ್ಲಿರುವ ೩೦೨ ನರಕೋಶಗಳು ಒಂದಕ್ಕೊಂದು ಹೇಗೆ ಸೇರಿವೆಯೆಂಬ ನಕ್ಷೆಯನ್ನು ಕೇಂಬ್ರಿಜ್‌ನ ಪಂಡಿತರು ಹತ್ತು ವರ್ಷಗಳಿಗೂ ಮೀರಿ ಕೈಯಿಂದ ಗೆರೆ ಎಳೆದೆಳೆದು ೧೯೮೬ರಲ್ಲಿ ಪ್ರಕಟಿಸಿದರು. ೨೦೨೪ರಲ್ಲಿ ಹಣ್ಣಿನ ನೊಣದ ಇಡೀ ಮೆದುಳಿನ ನಕ್ಷೆಯು ಹೊರಬಂದಿತು: ೧,೩೯,೨೫೫ ನರಕೋಶಗಳು, ಐದು ಕೋಟಿಗೂ ಮೀರಿದ ಕೂಡುತಾಣಗಳು. ಅದೇ ವರ್ಷ ಹಾರ್ವರ್ಡ್‌ನವರೂ ಗೂಗಲ್ ಕಂಪೆನಿಯವರೂ ಸೇರಿ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮನುಷ್ಯನ ಮೆದುಳಿನ ಅರ್ಧ ಅಕ್ಕಿಕಾಳಿನಷ್ಟು ತುಣುಕನ್ನು ಐದು ಸಾವಿರ ಹಾಳೆಗಳಾಗಿ ಕೊಯ್ದು ಮಾಡಿದ ನಕ್ಷೆಯನ್ನು ತೋರಿಸಿದರು. ಅಷ್ಟರಲ್ಲಿಯೇ ೫೭,೦೦೦ ಕೋಶಗಳು, ೧೫ ಕೋಟಿ ಕೂಡುತಾಣಗಳು. ಕೈಯಿಂದ ಇದನ್ನು ಮಾಡಹೊರಟಿದ್ದರೆ ಅನೇಕ ತಲೆಮಾರುಗಳು ಕಳೆಯುತ್ತಿದ್ದವು. ಆದರೆ ನೊಣದ ನಕ್ಷೆಯ ಹಿಂದಿರುವ ಒಂದು ಮಾತನ್ನು ವರ್ತಮಾನ ಪತ್ರಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಯಂತ್ರವು ಎಲ್ಲೆಗಳನ್ನು ಹಾಕಿ ಮುಗಿಸಿದ ಮೇಲೆ, ಎರಡು ಕೋಶಗಳನ್ನು ಒಂದೆಂದು ಬೆಸೆದಲ್ಲಿ ಬಿಡಿಸಿ, ಒಂದನ್ನು ಎರಡೆಂದು ಕಡಿದಲ್ಲಿ ಕೂಡಿಸಿ, ನೂರಾರು ಮಂದಿ ಕುಳಿತು ತಿದ್ದಿದರು. ಆ ತಿದ್ದುಪಡಿಯನ್ನು ಒಬ್ಬನೇ ಮಾಡಿದ್ದರೆ ಮೂವತ್ತು ವರ್ಷಗಳಿಗೂ ಮೀರಿ ಹಿಡಿಯುತ್ತಿತ್ತೆಂದು ಅಂದಾಜು. ತಿದ್ದಿದವರಲ್ಲಿ ಪ್ರಯೋಗಶಾಲೆಯ ಪಂಡಿತರಲ್ಲದೆ, ಮನೆಯಲ್ಲಿ ಕುಳಿತು ಇದನ್ನು ಸ್ವಂತ ಇಚ್ಛೆಯಿಂದ ಕಲಿತ ಸಾಮಾನ್ಯ ಜನರೂ ಇದ್ದರು. ಅಚ್ಚುಕೂಟದಲ್ಲಿ ಕರಡು ತಿದ್ದುವವನ ಬೆಲೆ ಏನೆಂದು ನಮಗೆ ತಿಳಿದಿರುವುದರಿಂದ ಈ ಸಂಗತಿಯು ನಮಗೆ ವಿಶೇಷವಾಗಿ ರುಚಿಸಿತು.

ಈಗ ನಮ್ಮ ನಾಡಿಗೆ ಬರೋಣ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯನ್ನು ಅರಿಯದವರಿಲ್ಲ. ಅದು ೧೯೨೫ರಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನು ಪಡೆದ ಸಂಸ್ಥೆಯ ಸಂತತಿಯೆಂಬುದನ್ನೂ, ೧೯೭೪ರಲ್ಲಿ ಈಗಿನ ಸ್ವರೂಪವನ್ನು ತಾಳಿತೆಂಬುದನ್ನೂ ಮೈಸೂರಿನವರು ಮರೆಯಬಾರದು. ಅಲ್ಲಿ ೧೯೯೫ರಲ್ಲಿ ಡಾಕ್ಟರ್ ಎಸ್. ಕೆ. ಶಂಕರ್ ಅವರ ಪ್ರಯತ್ನದಿಂದ ಮಾನವ ಮೆದುಳಿನ ಭಂಡಾರವು ಆರಂಭವಾಯಿತು. ಗತಿಸಿದವರ ಮೆದುಳುಗಳನ್ನು ಬಂಧುಗಳ ಒಪ್ಪಿಗೆಯಿಂದ ಪಡೆದು, ಒಂದು ಭಾಗವನ್ನು ದ್ರವದಲ್ಲಿಯೂ ಒಂದು ಭಾಗವನ್ನು ಅತಿ ಶೈತ್ಯದಲ್ಲಿಯೂ ಕಾಪಾಡಿ, ಕೇಳಿದ ವಿಜ್ಞಾನಿಗಳಿಗೆ ಒದಗಿಸುವುದು ಅದರ ಕೆಲಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಒಂದು ಕಾಲದಲ್ಲಿ ಮೈಸೂರು ಅರಸರು ಕೊಟ್ಟದ್ದು ೩೭೧ ಎಕರೆ ಭೂಮಿ. ಆ ಆವರಣದಲ್ಲಿ ಈಗ ಮೆದುಳು ಸಂಶೋಧನಾ ಕೇಂದ್ರವು ನಡೆಯುತ್ತಿದೆ. ಆ ಕೇಂದ್ರದವರು ಮಾವಿಗೆ ಹೆಸರಾದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ನಲವತ್ತೈದು ದಾಟಿದ ರೈತರನ್ನೂ ರೈತ ಹೆಂಗಸರನ್ನೂ ವರ್ಷವರ್ಷವೂ ಪರೀಕ್ಷಿಸಿ, ಮುಪ್ಪಿನಲ್ಲಿ ಬುದ್ಧಿ ಹೇಗೆ ಮಸುಕಾಗುತ್ತದೆಂಬುದನ್ನು ಬರೆದಿಡುತ್ತಿದ್ದಾರೆ. ಇನ್ನೊಂದು ಕಡೆ, ೨೦೧೬ರಲ್ಲಿ ನಿಮ್ಹಾನ್ಸ್ ಮತ್ತು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವರು ಕೈಗೂಡಿಸಿ, ಚಿತ್ತರೋಗವು ತಲೆಮಾರಿನಿಂದ ತಲೆಮಾರಿಗೆ ಕಾಣಿಸಿಕೊಂಡಿರುವ ಮನೆತನಗಳವರಿಂದ ರಕ್ತವನ್ನು ಪಡೆದು, ಅದರ ಕೋಶಗಳನ್ನು ಮೂಲಕೋಶಗಳನ್ನಾಗಿ ಹಿಂದಕ್ಕೆ ತಿರುಗಿಸಿ, ಅವುಗಳಿಂದ ಗಾಜಿನ ತಟ್ಟೆಯಲ್ಲಿ ನರಕೋಶಗಳನ್ನು ಬೆಳೆಸುವ ಕಾರ್ಯವನ್ನು ಕೈಗೊಂಡರು. ಬದುಕಿರುವ ಮನುಷ್ಯನ ಮೆದುಳನ್ನು ತೆರೆದು ನೋಡುವಂತಿಲ್ಲವಷ್ಟೆ. ಅವನದೇ ವಂಶಧಾತುವನ್ನು ಹೊತ್ತ ಕೋಶವನ್ನಾದರೂ ನೋಡೋಣ ಎಂಬುದು ಇದರ ತಾತ್ಪರ್ಯ. ಇಂಥ ತಟ್ಟೆಗಳಲ್ಲಿ ಬೆಳೆಯುವ ಸಾವಿರಾರು ಕೋಶಗಳ ಟೊಂಗೆಗಳನ್ನು ಅಳೆಯುವುದಕ್ಕೂ, ಅವುಗಳ ಮಿನುಗನ್ನು ಕ್ಷಣಕ್ಷಣವೂ ಗುರುತಿಸುವುದಕ್ಕೂ ಸ್ವಯಂಚಾಲಿತವಾದ ಸೂಕ್ಷ್ಮದರ್ಶಕವೇ ಬೇಕು. ನೆರೆಯ ತಮಿಳುನಾಡಿನಲ್ಲಿ ಐ.ಐ.ಟಿ. ಮದ್ರಾಸಿನವರು ೨೦೨೪ರ ಡಿಸೆಂಬರಿನಲ್ಲಿ ಗರ್ಭಸ್ಥ ಶಿಶುವಿನ ಮೆದುಳಿನ ೫,೧೩೨ ಹಾಳೆಗಳ ಚಿತ್ರಕೋಶವನ್ನು ‘ಧರಣಿ’ ಎಂಬ ಹೆಸರಿನಿಂದ ಲೋಕಕ್ಕೆಲ್ಲ ಮುಕ್ತವಾಗಿ ಕೊಟ್ಟರು. ಇದು ನಮ್ಮ ದೇಶದಲ್ಲಿ ಆಗತಕ್ಕ ಕೆಲಸವಲ್ಲವೆಂದು ಹೇಳುವವರ ಬಾಯಿಯನ್ನು ಇಷ್ಟರಿಂದಲೇ ಮುಚ್ಚಬಹುದು.

ಆದರೆ ಕೊರತೆಯೆಲ್ಲಿದೆ? ಯಂತ್ರವು ತಾನಾಗಿ ಏನನ್ನೂ ಬಲ್ಲುದಲ್ಲ. ಕೂಲಿಮಠದಲ್ಲಿ ಅಯ್ಯನವರು ಮರಳಿನ ಮೇಲೆ ಬರೆದ ಅಕ್ಷರವನ್ನು ನಾವು ತಿದ್ದಿದಂತೆ, ಬಲ್ಲವನೊಬ್ಬನು ಚಿತ್ರಗಳಲ್ಲಿ ಎಲ್ಲೆಗಳನ್ನು ಬರೆದು ತೋರಿಸಿದರೆ, ಯಂತ್ರವು ಅದನ್ನು ತಿದ್ದಿ ತಿದ್ದಿ ತನ್ನ ತಪ್ಪನ್ನು ಕಡಮೆ ಮಾಡಿಕೊಳ್ಳುತ್ತದೆ. ಈಗ ಬಹುವಾಗಿ ಬಳಕೆಯಲ್ಲಿರುವ ಒಂದು ಪದ್ಧತಿಯನ್ನು ೨೦೧೫ರಲ್ಲಿ ಜರ್ಮನಿಯ ಫ್ರೈಬುರ್ಗ್ ಎಂಬಲ್ಲಿಯ ಪಂಡಿತರು ರಚಿಸಿದರು. ಬಹಳ ಸ್ವಲ್ಪ ಚಿತ್ರಗಳಿಂದಲೇ ಕಲಿಯಬಲ್ಲುದೆಂಬುದು ಅದರ ಹೆಚ್ಚಳ. ಆದರೆ ಗುರು ಬರೆದ ಅಕ್ಷರದಂತೆಯೇ ಶಿಷ್ಯನ ಅಕ್ಷರ. ಒಂದು ಪ್ರಯೋಗಶಾಲೆಯ ಬಣ್ಣವನ್ನು ನೋಡಿ ಕಲಿತ ಯಂತ್ರವು ಇನ್ನೊಂದು ಪ್ರಯೋಗಶಾಲೆಯ ಗಾಜನ್ನು ಕಂಡಾಗ ತಡವರಿಸುತ್ತದೆ; ಬಣ್ಣ ಸ್ವಲ್ಪ ತೆಳುವಾಗಿದ್ದರೂ ಹಾಳೆ ಸ್ವಲ್ಪ ದಪ್ಪವಾಗಿದ್ದರೂ ಇಲ್ಲದ್ದನ್ನು ಕಾಣುತ್ತದೆ, ಇರುವುದನ್ನು ಬಿಡುತ್ತದೆ. ಸತ್ತ ಮೇಲೆ ಮೆದುಳನ್ನು ತೆಗೆಯಲು ತಡವಾದರೆ ಕೋಶಗಳ ರೂಪವೇ ಮಾರ್ಪಡುತ್ತದೆ. ರೋಗದಿಂದಾದ ಕೆಡುಕು ಯಾವುದು, ತಡದಿಂದಾದ ಕೆಡುಕು ಯಾವುದು ಎಂಬುದನ್ನು ನುರಿತ ವೈದ್ಯನು ಹೇಳಬೇಕೇ ಹೊರತು ಯಂತ್ರವು ಹೇಳಲಾರದು. ವಯಸ್ಸಾದವರ ನರಕೋಶಗಳಲ್ಲಿ ಲಿಪೊಫುಸಿನ್ ಎಂಬ ಹಳದಿಗಂದು ಬಣ್ಣದ ಕಿಟ್ಟವು ವರ್ಷದಿಂದ ವರ್ಷಕ್ಕೆ ಕೂಡುತ್ತದೆ. ಹೊಳೆಯುವ ಬಣ್ಣಗಳಿಂದ ಪರೀಕ್ಷಿಸುವಾಗ ಈ ಕಿಟ್ಟವು ಬಣ್ಣ ಕಟ್ಟದಿದ್ದರೂ ತಾನೇ ಹೊಳೆದು, ಹುಡುಕುತ್ತಿದ್ದ ವಸ್ತುವೇ ಸಿಕ್ಕಿತೆಂಬ ಭ್ರಾಂತಿಯನ್ನು ಹುಟ್ಟಿಸುತ್ತದೆ. ಕಾಗೆಬಂಗಾರವನ್ನು ಬಂಗಾರವೆಂದು ಎಣಿಸಿ ಪೆಟ್ಟಿಗೆ ತುಂಬಿದರೆ ಎಣಿಕೆಯ ವೇಗದಿಂದ ಬಂದ ಲಾಭವೇನು?

ಇದರಿಂದ ಸಿದ್ಧವಾಗುವುದೇನೆಂದರೆ, ಪರದೇಶದವರ ಮೆದುಳನ್ನು ನೋಡಿ, ಪರದೇಶದವರ ಕಣ್ಣಿನಿಂದ ಕಲಿತ ಯಂತ್ರವನ್ನು ಹಣ ಕೊಟ್ಟು ತಂದು ನಿಲ್ಲಿಸಿದರೆ ನಮ್ಮ ಕೆಲಸವು ಮುಗಿಯಲಿಲ್ಲ. ನಮ್ಮವರ ಆಹಾರ ಬೇರೆ, ನಮ್ಮವರ ರೋಗಗಳು ಬೇರೆ. ಮೆದುಳಿಗೆ ತಗಲುವ ಕ್ಷಯವೂ, ಹುಳುವಿನ ಗಡ್ಡೆಯೂ ನಮ್ಮಲ್ಲಿ ಕಾಣುವಷ್ಟು ಅಲ್ಲಿ ಕಾಣುವುದಿಲ್ಲ. ಅವುಗಳನ್ನು ಕಾಣದ ಯಂತ್ರಕ್ಕೆ ಅವುಗಳ ಪರಿಚಯ ಎಲ್ಲಿಂದ ಬರಬೇಕು? ಸೂಕ್ಷ್ಮದರ್ಶಕಗಳು ಹೆಚ್ಚಾಗಿ ಜರ್ಮನಿ ಜಪಾನುಗಳಿಂದ ಬರುತ್ತವೆ. ಅದನ್ನು ಸದ್ಯಕ್ಕೆ ಸಹಿಸೋಣ. ಆದರೆ ಗಾಜಿನ ಮೇಲಿನ ವಸ್ತುವೂ, ಅದರ ಮೇಲೆ ಎಲ್ಲೆ ಬರೆಯುವ ಕೈಯೂ ನಮ್ಮವಾಗಿರಬೇಕು. ಹಿಂದೊಮ್ಮೆ ನಮ್ಮ ಹತ್ತಿಯು ಮ್ಯಾಂಚೆಸ್ಟರಿಗೆ ಹೋಗಿ ಬಟ್ಟೆಯಾಗಿ ನಮಗೇ ಮಾರಾಟಕ್ಕೆ ಬರುತ್ತಿತ್ತು. ನಮ್ಮವರ ಮೆದುಳಿನ ಚಿತ್ರಗಳು ಹೊರಗಿನ ಕಂಪೆನಿಗಳ ಉಗ್ರಾಣವನ್ನು ಸೇರಿ, ನಾಳೆ ಪರೀಕ್ಷಾಯಂತ್ರವೆಂಬ ಹೆಸರಿನಲ್ಲಿ ನಮ್ಮ ಜಿಲ್ಲಾ ಆಸ್ಪತ್ರೆಗಳಿಗೇ ಬೆಲೆ ಕಟ್ಟಿ ಬರುವಂತಾಗಬಾರದು. ‘ಧರಣಿ’ಯಂತೆ ಎಲ್ಲರಿಗೂ ಮುಕ್ತವಾಗಿ ಕೊಡುವುದು ಒಂದು ಮಾತು, ಒಬ್ಬರ ಬೀಗದೊಳಗೆ ಬಿಡುವುದು ಇನ್ನೊಂದು. ಅಧಿಕಾರಿಗಳು ಒಪ್ಪಂದಗಳಿಗೆ ರುಜು ಹಾಕುವಾಗ ಈ ಭೇದವನ್ನು ಮರೆಯಬಾರದು.

ಇನ್ನು ಮೈಸೂರು ನಗರವು ಮಾಡಬಹುದಾದುದೇನು? ನಮ್ಮ ಊರಿನ ಒಂದು ಹಳೆಯ ಸಂಗತಿಯನ್ನು ಇಲ್ಲಿ ಹೇಳಬೇಕು. ಮಂಡಿ ಮೊಹಲ್ಲದ ಮಿಷನ್ ಆಸ್ಪತ್ರೆಯಲ್ಲಿ, ಎಂದರೆ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ೧೯೩೪ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರು ತಪ್ಪದೆ ಬರೆದಿಟ್ಟರು. ಅದರಿಂದ ಮುಂದೇನು ಪ್ರಯೋಜನವೆಂದು ಅವರಿಗೆ ತಿಳಿದಿರಲಾರದು. ಆ ಹಳೆಯ ಪುಸ್ತಕಗಳನ್ನು ಹಿಡಿದು ಸಂಶೋಧಕರು ೧೯೯೦ರ ದಶಕದಲ್ಲಿ ಬೀದಿ ಬೀದಿಗಳಲ್ಲಿ ಆ ಮಕ್ಕಳನ್ನು ಹುಡುಕಿದರು. ಮಕ್ಕಳು ಆ ವೇಳೆಗೆ ನಡುವಯಸ್ಸು ದಾಟಿದ್ದರು. ಹುಟ್ಟುವಾಗ ತೂಕ ಕಡಮೆಯಿದ್ದವರಲ್ಲಿ ಹೃದ್ರೋಗವು ಹೆಚ್ಚೆಂಬುದನ್ನು ೧೯೯೬ರಲ್ಲಿ ಲೋಕಕ್ಕೆ ತೋರಿಸಿದ ಕೆಲವು ಲೆಕ್ಕಗಳಲ್ಲಿ ನಮ್ಮ ಮೈಸೂರಿನ ಲೆಕ್ಕವೂ ಒಂದು. ಮುಂದೆ ಅದೇ ಜನರ ವೃದ್ಧಾಪ್ಯದ ನೆನಪುಶಕ್ತಿಯನ್ನೂ ಪರೀಕ್ಷಿಸಿದರು. ಗಾಜಿನ ಮೇಲಿನ ಮೆದುಳಿನ ಹಾಳೆಗೂ ಇಂಥದೊಂದು ಜಾತಕವಿರಬೇಕು. ಈ ಕೋಶಗಳು ನಶಿಸಿದ್ದು ನಿಜ. ಆದರೆ ಇವನು ಬದುಕಿದ್ದಾಗ ಮಕ್ಕಳ ಹೆಸರನ್ನು ಮರೆತಿದ್ದನೆ, ಲೆಕ್ಕ ತಪ್ಪುತ್ತಿದ್ದನೆ, ಸಕ್ಕರೆ ರೋಗವಿತ್ತೆ, ಎಷ್ಟು ಓದಿದ್ದನು? ಇವಕ್ಕೆ ಉತ್ತರವಿಲ್ಲದೆ ಯಂತ್ರವು ಕೊಡುವ ಎಣಿಕೆಯು ಹೆಸರಿಲ್ಲದ ಖಾತೆಯಲ್ಲಿ ಬರೆದ ಮೊಬಲಗಿನಂತೆ. ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ದಾದಿಯರ ಶ್ರದ್ಧೆಯನ್ನು ನಮ್ಮ ಎಲ್ಲ ಆಸ್ಪತ್ರೆಗಳ ದಫ್ತರುಗಳಲ್ಲಿಯೂ ಕಾಣುವಂತಾದರೆ ಅದೇ ದೊಡ್ಡ ಬಂಡವಾಳ.

ಎರಡನೆಯದು ದಾನ. ನೇತ್ರದಾನದ ಮಾತು ನಮ್ಮ ಊರಿಗೆ ಹೊಸದಲ್ಲ. ಮೆದುಳಿನ ದಾನವೆಂದರೆ ಮಾತ್ರ ತಿಳಿದವರೂ ಬೆಚ್ಚಿಬೀಳುತ್ತಾರೆ. ಇದು ಸ್ವಾಭಾವಿಕವೇ. ಕಣ್ಣು ಇನ್ನೊಬ್ಬರಿಗೆ ದೃಷ್ಟಿಯನ್ನು ಕೊಡುತ್ತದೆ. ಮೆದುಳು ಹೋಗುವುದು ಶೀಶೆಗೆ. ಅಂತ್ಯಕ್ರಿಯೆಗೆ ಶರೀರವು ಪೂರ್ಣವಾಗಿರಬೇಕಲ್ಲವೆ ಎಂದು ಕೇಳುವ ಹಿರಿಯರೂ ಉಂಟು. ಅವರ ಭಾವನೆಯನ್ನು ನಾವು ಗೌರವಿಸುತ್ತೇವೆ. ತಲೆಯ ಹಿಂಬದಿಯಿಂದ ಚರ್ಮವನ್ನು ಬಿಡಿಸಿ ಮೆದುಳನ್ನು ತೆಗೆದು ಮತ್ತೆ ಹೊಲಿಯುತ್ತಾರೆ, ಮುಖಕ್ಕೆ ವಿಕಾರವುಂಟಾಗುವುದಿಲ್ಲ, ಶರೀರವು ಸಂಸ್ಕಾರಕ್ಕಾಗಿ ಮನೆಯವರಿಗೇ ಬರುತ್ತದೆ. ದಧೀಚಿಯು ಬೆನ್ನೆಲುಬನ್ನು ಕೊಟ್ಟ ಕಥೆಯನ್ನು ಹರಿಕಥೆಯಲ್ಲಿ ಕೇಳಿ ತಲೆದೂಗುವ ನಾವು, ನಮ್ಮ ಸರದಿ ಬಂದಾಗ ಶಾಸ್ತ್ರವನ್ನು ಮುಂದೆಮಾಡುವುದು ಅಷ್ಟೊಂದು ಶೋಭಿಸದು. ಇಲ್ಲಿ ಇನ್ನೊಂದು ಮಾತುಂಟು. ರೋಗಿಗಳ ಮೆದುಳೇ ಸಾಲದು; ಸುಖವಾಗಿ ಬಾಳಿ, ಬುದ್ಧಿ ಕೆಡದೆ, ಎಂಬತ್ತರಲ್ಲಿಯೂ ಪತ್ರಿಕೆ ಓದುತ್ತಾ ತೀರಿಕೊಂಡವರ ಮೆದುಳು ಅದಕ್ಕಿಂತಲೂ ದುರ್ಲಭ. ಹೋಲಿಸಿ ನೋಡಲು ನೆಟ್ಟಗಿದ್ದುದು ಬೇಡವೆ? ನಮ್ಮ ನಗರದಲ್ಲಿ ಪಿಂಚಣಿದಾರ ಮಹನೀಯರಿಗೆ ಕೊರತೆಯಿಲ್ಲ. ಅವರಿಗೆ ಇದನ್ನು ವಿನಯದಿಂದ ಅರಿಕೆ ಮಾಡುತ್ತೇವೆ, ಆತುರವೇನೂ ಇಲ್ಲ.

ಹಾಗೆಯೇ ಮರ್ಯಾದೆಯ ವಿಷಯ. ಮನೆಯಲ್ಲಿ ಚಿತ್ತರೋಗವಿದೆಯೆಂದು ಹೊರಬಿದ್ದರೆ ಹೆಣ್ಣುಮಕ್ಕಳ ಸಂಬಂಧಗಳು ಮುರಿಯುವುದನ್ನು ನಾವೆಲ್ಲ ಕಂಡಿದ್ದೇವೆ. ರಕ್ತವನ್ನೋ ಮೆದುಳನ್ನೋ ಕೊಡುವ ಮನೆತನದ ಹೆಸರು ಚಿತ್ರದ ಜೊತೆಯಲ್ಲಿ ಎಲ್ಲಿಗೂ ಹೋಗದಂತೆ ಕಟ್ಟುನಿಟ್ಟಾದ ಏರ್ಪಾಡಿರಬೇಕು. ಒಪ್ಪಿಗೆಯ ಪತ್ರವು ಕನ್ನಡದಲ್ಲಿರಬೇಕು. ಅದೂ ಕೋರ್ಟಿನ ಕನ್ನಡದಲ್ಲಿ ಬೇಡ, ಅಡಿಗೆಮನೆಯಲ್ಲಿ ಕುಳಿತು ಓದಿದರೆ ಅರ್ಥವಾಗುವ ಕನ್ನಡದಲ್ಲಿ. ಏನನ್ನು ತೆಗೆಯುತ್ತಾರೆ, ಎಷ್ಟು ವರ್ಷ ಇಡುತ್ತಾರೆ, ಯಾರು ನೋಡುತ್ತಾರೆ, ಬೇಡವೆನ್ನಿಸಿದರೆ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವುದು ಹೇಗೆ ಎಂಬುದೆಲ್ಲ ಅದರಲ್ಲಿ ಬಿಡಿಸಿ ಬರೆದಿರಬೇಕು. ಹೆಬ್ಬೆಟ್ಟು ಒತ್ತಿಸಿಕೊಂಡು ಪಡೆದ ದಾನವು ದಾನವೆನಿಸದು.

ಮೂರನೆಯದು ಎಲ್ಲೆ ಬರೆಯುವ ಕೈ. ಬಿ.ಎಸ್‌ಸಿ. ಮುಗಿಸಿ ಕೆಲಸವಿಲ್ಲದೆ ಕುಳಿತ ತರುಣ ತರುಣಿಯರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ನುರಿತ ವೈದ್ಯನೊಬ್ಬನ ಕೈಕೆಳಗೆ ಒಂದು ವರ್ಷ ಕುಳಿತರೆ ಕೋಶಗಳ ಜಾತಿಯನ್ನು ಗುರುತಿಸಲೂ ಯಂತ್ರದ ತಪ್ಪನ್ನು ತಿದ್ದಲೂ ಇವರು ಕಲಿಯಬಲ್ಲರು. ಮಾನಸಗಂಗೋತ್ರಿಯ ಆವರಣದಲ್ಲಿಯೇ ೧೯೬೫ರಲ್ಲಿ ಸ್ಥಾಪಿತವಾದ ವಾಕ್ ಮತ್ತು ಶ್ರವಣ ಸಂಸ್ಥೆಯುಂಟು. ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡವರನ್ನು ಅಲ್ಲಿಯವರು ದಿನವೂ ನೋಡುತ್ತಾರೆ. ೧೯೨೪ರಿಂದ ನಡೆದು ಬಂದಿರುವ ಮೈಸೂರು ಮೆಡಿಕಲ್ ಕಾಲೇಜು ಉಂಟು. ಖಾಸಗಿ ವೈದ್ಯಕೀಯ ವಿದ್ಯಾಲಯವೂ ಉಂಟು. ಈ ಮೂರೂ ಕಡೆಯವರೂ ವಿಶ್ವವಿದ್ಯಾನಿಲಯದವರೂ ಒಂದೆಡೆ ಸೇರಿ ಇಂಥ ಶಿಕ್ಷಣವನ್ನು ಏರ್ಪಡಿಸಲು ಬಹಳ ಹಣವೇನೂ ಬೇಕಾಗದು; ಗಾಜುಗಳ ಚಿತ್ರಗಳು ತಂತಿಯ ಮೂಲಕ ಬೆಂಗಳೂರಿನಿಂದ ಕ್ಷಣಮಾತ್ರದಲ್ಲಿ ಬರುತ್ತವೆ. ಕೆಲಸವೆಲ್ಲ ಬೆಂಗಳೂರಿನಲ್ಲಿಯೇ ಆಗಬೇಕೆಂಬ ಹಳೆಯ ಚಾಳಿಯೊಂದನ್ನು ಬಿಟ್ಟರಾಯಿತು.

ದಾನದ ಮಾತು ಕೊನೆಗೆ ಬಂದು ನಿಲ್ಲುವುದು ಗಡಿಯಾರದ ಮುಳ್ಳಿನ ಮೇಲೆ. ಪ್ರಾಣ ಹೋದ ಕೆಲವು ಗಂಟೆಗಳೊಳಗೆ ಮೆದುಳನ್ನು ತೆಗೆದು ಶೈತ್ಯದಲ್ಲಿಡದಿದ್ದರೆ ಎಂಥ ಯಂತ್ರಕ್ಕೂ ಅದು ಅಷ್ಟಾಗಿ ಪ್ರಯೋಜನಕ್ಕ ಬಾರದು. ನಮಗೂ ನಿಮ್ಹಾನ್ಸ್‌ಗೂ ನಡುವೆ ಮೂರು ಗಂಟೆಯ ದಾರಿಯಿದೆ. ನಜರಬಾದಿನ ಒಂದು ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಯಜಮಾನರು ತೀರಿಕೊಂಡರೆಂದು ಭಾವಿಸೋಣ. ಅವರು ಒಪ್ಪಿಗೆ ಬರೆದಿಟ್ಟಿದ್ದಾರೆ, ಮನೆಯವರಿಗೂ ಮನಸ್ಸಿದೆ. ಆಗ ಅವರು ಯಾರಿಗೆ ತಿಳಿಸಬೇಕು? ಕೆ. ಆರ್. ಆಸ್ಪತ್ರೆಯಲ್ಲಿ ಆ ಹೊತ್ತಿನಲ್ಲಿ ಶಸ್ತ್ರ ಹಿಡಿಯುವವರು ಯಾರು? ಮಂಜಿನ ಪೆಟ್ಟಿಗೆಯೂ ಗಾಡಿಯೂ ಎಲ್ಲಿಂದ ಬರಬೇಕು? ಬೆಳಗಿನ ಸಂಸ್ಕಾರದ ಹೊತ್ತಿಗೆ ಶರೀರವನ್ನು ಮನೆಗೆ ತಲುಪಿಸುವ ಹೊಣೆ ಯಾರದು? ಜಿಲ್ಲಾ ಆರೋಗ್ಯಾಧಿಕಾರಿಗಳು ಈ ನಾಲ್ಕು ಪ್ರಶ್ನೆಗಳ ಉತ್ತರವನ್ನು ಹೆಸರು ಮತ್ತು ಟೆಲಿಫೋನ್ ಸಂಖ್ಯೆಗಳ ಸಹಿತ ಒಂದು ಹಾಳೆಯಲ್ಲಿ ಅಚ್ಚುಹಾಕಿಸಿ, ನಗರದ ಪ್ರತಿಯೊಂದು ಆಸ್ಪತ್ರೆಯ ಬಾಗಿಲಲ್ಲಿಯೂ ತೂಗುಹಾಕಿಸಲಿ. ಆ ಹಾಳೆಯನ್ನು ಯಾವ ಶುಲ್ಕವೂ ಇಲ್ಲದೆ ನಮ್ಮ ಪತ್ರಿಕೆಯ ಮೊದಲನೆಯ ಪುಟದಲ್ಲಿ ಪ್ರಕಟಿಸಲು ನಾವು ಸಿದ್ಧರಿದ್ದೇವೆ.